ಒಬ್ಬರೇ ನಡೆಸುವ ಹಳೆ ಸಾಮಾನಿನ ಅಂಗಡಿ: ಬಾಗಿಲು ತೆಗೆಯುವ ಮೊದಲು ಓದಿಕೊಳ್ಳಿ

"ಅಜ್ಜಿ ಕಾಲದ ಹಿತ್ತಾಳೆ ಪಾತ್ರೆ ಅಟ್ಟದ ತುಂಬ ಇದೆ. ಕೆಲಸ ಬಿಟ್ಟು ಒಂದು ಅಂಗಡಿ ಹಾಕಲಾ?" ವಾರಕ್ಕೊಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಬಂಡವಾಳ ಎಷ್ಟು ಬೇಕು, ಲೈಸೆನ್ಸ್ ಬೇಕಾ, ಸಾಮಾನು ಎಲ್ಲಿ ಸಿಗುತ್ತದೆ ಎಂಬವು ಅದರ ಹಿಂದೆಯೇ ಬರುತ್ತವೆ. ಮೈಸೂರಿನಲ್ಲಿ ಹತ್ತಡಿ ಅಗಲದ ಮಳಿಗೆಯಲ್ಲಿ ಒಬ್ಬಳೇ ಕೂತು ವ್ಯಾಪಾರ ಮಾಡುವವಳು ನಾನು. ನನಗೆ ಗೊತ್ತಿರುವಷ್ಟನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಮೂರು ಪದಗಳು. ಸೆಕೆಂಡ್ ಹ್ಯಾಂಡ್ ಎಂದರೆ ಯಾರೋ ಬಳಸಿ ಬಿಟ್ಟದ್ದು, ಹೋದ ವರ್ಷದ ಮಿಕ್ಸಿಯಾದರೂ ಸರಿ. ವಿಂಟೇಜ್ ಎಂಬುದಕ್ಕೆ ಕಾನೂನಿನ ಅರ್ಥವಿಲ್ಲ. ಒಂದು ಕಾಲದ ಚಹರೆ ಇನ್ನೂ ಉಳಿಸಿಕೊಂಡಿರುವ, ಈಗ ತಯಾರಾಗದ ವಸ್ತುವಿಗೆ ವ್ಯಾಪಾರಿಗಳು ಹಾಗೆನ್ನುತ್ತಾರೆ. ಆಂಟಿಕ್ ಎನ್ನುವುದನ್ನು ಮಾತ್ರ ಬಾಯಿತಪ್ಪಿಯೂ ಬೋರ್ಡಿನ ಮೇಲೆ ಬರೆಸಬೇಡಿ. ಯಾಕೆಂದು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಕೈಲೆಕ್ಕ ಹಾಕಿ

ಬಂಡವಾಳದ ಲೆಕ್ಕ ಎಲ್ಲರೂ ಹಾಕುತ್ತಾರೆ. ಕೈಗಳ ಲೆಕ್ಕ ಯಾರೂ ಹಾಕುವುದಿಲ್ಲ. ಒಂದು ಉದಾಹರಣೆ ನೋಡಿ. ಬಾಡಿಗೆ 9,000, ಕರೆಂಟು ಮತ್ತು ಫೋನು 1,400, ಓಡಾಟಕ್ಕೆ 3,000, ರಿಪೇರಿ-ಪಾಲಿಶ್-ಪ್ಯಾಕಿಂಗಿಗೆ 2,600. ಒಟ್ಟು 16,000 ಆಯಿತು. ನಿಮ್ಮ ಸಂಬಳವೆಂದು 20,000 ಸೇರಿಸಿ. (ಸೇರಿಸಲೇಬೇಕು. "ನನ್ನದೇ ಅಂಗಡಿ, ನನಗ್ಯಾಕೆ ಸಂಬಳ" ಎಂದವರು ವರ್ಷದೊಳಗೆ ಬಾಗಿಲು ಹಾಕಿದ್ದನ್ನು ನೋಡಿದ್ದೇನೆ.) 36,000 ರೂಪಾಯಿಯನ್ನು ತಿಂಗಳ 25 ದಿನಕ್ಕೆ ಹಂಚಿದರೆ ದಿನಕ್ಕೆ 1,440 ರೂಪಾಯಿ ಲಾಭ ಬರಬೇಕು.

ಒಂದು ವಸ್ತುವಿಗೆ 240 ರೂಪಾಯಿ ಗಿಟ್ಟಿದರೆ ದಿನಕ್ಕೆ ಆರು ವಸ್ತು ಮಾರಬೇಕು. ಆರು ಮಾರಬೇಕಾದರೆ ಆರನ್ನು ಹುಡುಕಿ ತರಬೇಕು, ತೊಳೆಯಬೇಕು, ಫೋಟೊ ತೆಗೆಯಬೇಕು, ಬೆಲೆ ಚೀಟಿ ಕಟ್ಟಬೇಕು. ಒಂದೊಂದಕ್ಕೆ ಒಂದು ಗಂಟೆ ಹಿಡಿದರೂ ಆರು ಗಂಟೆ ಹೋಯಿತು, ಗಿರಾಕಿ ಜೊತೆ ಮಾತಾಡುವುದು ಬೇರೆ. ಅದೇ ಒಂದಕ್ಕೆ 480 ಗಿಟ್ಟುವಂಥದ್ದಾದರೆ ಮೂರು ಮಾರಿದರೆ ಸಾಕು. ಹಾಗಾಗಿ ಯಾವುದೇ ವಸ್ತು ಕೈಗೆತ್ತಿಕೊಂಡಾಗ "ಇದು ಅಗ್ಗವಾ?" ಎಂದು ಕೇಳಿಕೊಳ್ಳಬೇಡಿ. "ಇದಕ್ಕೆ ನನ್ನ ಒಂದು ಗಂಟೆ ಕೊಡಬಹುದಾ?" ಎಂದು ಕೇಳಿಕೊಳ್ಳಿ. ಅಗ್ಗಕ್ಕೆ ಸಿಕ್ಕಿತೆಂದು ತಂದ ಸ್ಟೀಲ್ ಲೋಟದ ಮೂಟೆ ಲಾಭಕ್ಕಿಂತ ಮೊದಲು ನಿಮ್ಮ ಸೊಂಟ ಮುರಿಯುತ್ತದೆ.

ಹಂತ 2: ಎರಡೇ ಎರಡು ಬಗೆ ಆರಿಸಿಕೊಳ್ಳಿ

ಎಲ್ಲವನ್ನೂ ಇಡುವವನು ಗುಜರಿಯವನು. ಅವನಿಗೆ ಜಾಗವೂ ಇದೆ, ಆಳುಗಳೂ ಇದ್ದಾರೆ. ನಿಮಗೆ ಕಣ್ಣು ಪಳಗಿರುವ ಎರಡು ಬಗೆ ಸಾಕು. ನಮ್ಮ ಕಡೆ ನಡೆಯುವುವು ಇವು: ಹಿತ್ತಾಳೆ, ತಾಮ್ರ, ಕಂಚಿನ ಪಾತ್ರೆ, ಪಿಂಗಾಣಿ ಭರಣಿ, ಹಳೆಯ ರೇಷ್ಮೆ ಸೀರೆ, ಕೈಗಡಿಯಾರ, ದಸರಾ ಗೊಂಬೆ, ಚನ್ನೆಮಣೆ, ಅಡಕತ್ತರಿ, ಪಾವು-ಸೇರಿನಂಥ ಮನೆಬಳಕೆಯವು. ಆರಿಸಿಕೊಂಡದ್ದರಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯದೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಲೋಹ: ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ, ಮೇಲೆ ಹಿತ್ತಾಳೆ ನೀರು ಕೊಟ್ಟ ಕಬ್ಬಿಣ ಅಂಟುತ್ತದೆ. ತಾಮ್ರಕ್ಕೆ ಸತುವು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಕಂಚನ್ನು ಬೆರಳ ಗೆಣ್ಣಿನಿಂದ ಬಡಿದರೆ ಗಂಟೆಯ ಹಾಗೆ ಎಳೆದುಕೊಂಡು ನುಡಿಯುತ್ತದೆ, ಹಿತ್ತಾಳೆಯ ದನಿ ಬೇಗ ಸಾಯುತ್ತದೆ. ಜರ್ಮನ್ ಸಿಲ್ವರ್ ಎಂದರೆ ತಾಮ್ರ, ನಿಕ್ಕಲ್, ಸತುವಿನ ಬೆರಕೆ. ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ.

ಗಡಿಯಾರ: ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ, 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಶುರು ಮಾಡಿತು. ಈಗ ಜನತಾ, ಪೈಲಟ್ ಮಾಡೆಲ್‌ಗಳಿಗೆ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ಆದರೆ ಪೇಟೆಯಲ್ಲಿ ಸುತ್ತುವ ಬಹಳಷ್ಟು ಗಡಿಯಾರಗಳ ಯಂತ್ರ ಮಾತ್ರ ಅಸಲಿ, ಡಯಲ್‌ಗೆ ಹೊಸದಾಗಿ ಬಣ್ಣ ಹೊಡೆದು ಅಕ್ಷರ ಅಚ್ಚು ಹಾಕಿರುತ್ತಾರೆ. ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚು ದಪ್ಪಗೆ ಹರಡಿರುವುದು ಕಾಣುತ್ತದೆ. ಐವತ್ತು ವರ್ಷದ ಗಡಿಯಾರದ ಮುಖ ನಿನ್ನೆ ಮದುವೆಯಾದ ಹಾಗೆ ಹೊಳೆಯುತ್ತಿದ್ದರೆ ಅನುಮಾನಪಡಿ. ಅಂಥದ್ದನ್ನು ಮಾರಬಾರದೆಂದಲ್ಲ, "ಡಯಲ್ ಹೊಸದು" ಎಂದು ಚೀಟಿಯಲ್ಲಿ ಬರೆದು ಮಾರಿ.

ಸೀರೆ: ಮೈಸೂರಿನ ರೇಷ್ಮೆ ಕಾರ್ಖಾನೆ 1912ರಿಂದ ಇದೆ. ಅಲ್ಲಿಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. "ಹಳೆ ಜರಿ ಸೀರೇ..." ಎಂದು ಬೀದಿಯಲ್ಲಿ ಕೂಗುತ್ತ ಬರುವವರು ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯಲೆಂದೇ ಕೊಳ್ಳುತ್ತಾರೆ. ಅವರು ಕೊಡುವ ದರ ನಿಮ್ಮ ತಳಬೆಲೆ. ಅಸಲಿ ಜರಿಯ ಒಂದು ಎಳೆ ಬಿಡಿಸಿದರೆ ಒಳಗೆ ಸಾಮಾನ್ಯವಾಗಿ ಕೆಂಪು ರೇಷ್ಮೆ ನೂಲು ಇರುತ್ತದೆ. "ಟೆಸ್ಟೆಡ್ ಜರಿ" ಎಂದರೆ ತಾಮ್ರದ ತಂತಿಗೆ ಬೆಳ್ಳಿ ಲೇಪ. ಪ್ಲಾಸ್ಟಿಕ್ ಜರಿಗೆ ಸುಟ್ಟರೂ ಬೆಲೆಯಿಲ್ಲ.

ಹಂತ 3: ಕಾಗದಪತ್ರ

ನಗರಪಾಲಿಕೆ ಅಥವಾ ಪಂಚಾಯಿತಿಯ ವ್ಯಾಪಾರ ಪರವಾನಗಿ, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಅಂಗಡಿ ಹೆಸರಿನಲ್ಲೊಂದು ಬ್ಯಾಂಕ್ ಖಾತೆ. ಉದ್ಯಮ್ (ಸಣ್ಣ ಉದ್ಯಮಗಳಿಗೆಂದು ಇರುವ) ನೋಂದಣಿ ಮಾಡಿಸುವುದಾದರೆ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ, ಅದಕ್ಕೆ ಸಾವಿರಗಟ್ಟಲೆ ಕೇಳುವವರನ್ನು ನಂಬಬೇಡಿ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. ಕೆಜಿ ಲೆಕ್ಕದಲ್ಲಿ ಕೊಂಡು ಮಾರುವುದಾದರೆ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಹಳೆಯ ಸೇರು, ಪಾವನ್ನು ಅಲಂಕಾರಕ್ಕೆಂದು ಮಾರಿ, ಅದರಲ್ಲಿ ಅಳೆದು ಮಾತ್ರ ಏನನ್ನೂ ಮಾರಬೇಡಿ.

ಜಿಎಸ್‌ಟಿ ಬಗ್ಗೆ ಗೊಂದಲ ಜಾಸ್ತಿ. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಇಲ್ಲಿ ಎಣಿಸುವುದು ಲಾಭವನ್ನಲ್ಲ, ವಹಿವಾಟನ್ನು. ಎಡವುವ ಜಾಗ ಇನ್ನೊಂದಿದೆ. ಚೆನ್ನೈನ ಗಿರಾಕಿಗೆ ಒಂದು ಭರಣಿ ಪಾರ್ಸೆಲ್ ಮಾಡಿದರೂ ಅದು ಹೊರರಾಜ್ಯದ ಮಾರಾಟ, ಅದಕ್ಕೆ 40 ಲಕ್ಷದ ವಿನಾಯಿತಿ ಅನ್ವಯಿಸುವುದಿಲ್ಲ. ಕೆಲವು ಕರಕುಶಲ ವಸ್ತುಗಳಿಗೆ ರಿಯಾಯಿತಿ ಇದೆ. ನಿಮ್ಮದು ಅದರಲ್ಲಿ ಬರುತ್ತದೋ ಇಲ್ಲವೋ ಎಂದು ಲೆಕ್ಕಿಗರನ್ನು ಮೊದಲೇ ಕೇಳಿ.

ನೋಂದಣಿ ಮಾಡಿಸಿದವರಿಗೆ ಒಂದು ಅನುಕೂಲವಿದೆ, ಇದನ್ನು ಮಾರ್ಜಿನ್ ಸ್ಕೀಮ್ ಎನ್ನುತ್ತಾರೆ. ಹಳೆ ಸಾಮಾನಿನ ವ್ಯಾಪಾರಿ ಮಾರಿದ ಪೂರ್ತಿ ಬೆಲೆಗೆ ತೆರಿಗೆ ಕಟ್ಟಬೇಕಿಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸಕ್ಕೆ ಕಟ್ಟಿದರೆ ಸಾಕು. 800ಕ್ಕೆ ಕೊಂಡು 1,500ಕ್ಕೆ ಮಾರಿದರೆ ತೆರಿಗೆ 700ರ ಮೇಲೆ. ಷರತ್ತು ಎರಡು: ಕೊಳ್ಳುವಾಗಿನ ತೆರಿಗೆಯನ್ನು ವಾಪಸ್ ಪಡೆದಿರಬಾರದು, ವಸ್ತುವಿನ ಸ್ವರೂಪವನ್ನೇ ಬದಲಿಸಿರಬಾರದು. ತೊಳೆದು ಹೊಳಪು ಕೊಡಬಹುದು, ಹಂಡೆಯನ್ನು ಕೊಯ್ದು ಟೀಪಾಯಿ ಮಾಡಿದರೆ ಲೆಕ್ಕ ಬೇರೆ. ಕೊಂಡ ಬೆಲೆಗೆ ದಾಖಲೆ ಇಲ್ಲದಿದ್ದರೆ ಈ ಅನುಕೂಲವೂ ಇಲ್ಲ.

ಯುಪಿಐ ಹಣ ಅಂಗಡಿ ಖಾತೆಗೇ ಬರಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿರಬೇಕಲ್ಲ. ತಂಗಿ ಕಳಿಸಿದ ಸಾಲ, ಚೀಟಿ ದುಡ್ಡು, ವ್ಯಾಪಾರದ ದುಡ್ಡು ಒಂದೇ ಖಾತೆಯಲ್ಲಿ ಕಲಸಿಕೊಂಡಿದ್ದರೆ ಬಿಡಿಸಿ ತೋರಿಸುವ ಹೊತ್ತಿಗೆ ಸಾಕುಬೇಕಾಗುತ್ತದೆ.

ಹಂತ 4: ಮುಟ್ಟಬಾರದ್ದನ್ನು ಗುರುತಿಸಿ

ಇಲ್ಲಿ ಎರಡು ಕಾಯ್ದೆಗಳು ಮುಖ್ಯ, ಎರಡೂ 1972ರವು.

ಮೊದಲನೆಯದು ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯ, ಕಲೆ-ಕುಸುರಿಯ ವಸ್ತುಗಳು ಅದರ ಪ್ರಕಾರ ಪುರಾತನ ವಸ್ತುಗಳಾಗಬಹುದು. ಮಹತ್ವದ ಹಸ್ತಪ್ರತಿಗೆ 75 ವರ್ಷ ಸಾಕು. ಇವನ್ನು ಮಾರಲು ಪುರಾತತ್ವ ಇಲಾಖೆಯ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತೆಯೇ ಇಲ್ಲ. ಈಗ ಯೋಚಿಸಿ: ಲೈಸೆನ್ಸ್ ಇಲ್ಲದ ನೀವು ಅರವತ್ತು ವರ್ಷದ ದೀಪಕ್ಕೆ ಬೆಲೆ ಏರಿಸಲು "150 ವರ್ಷದ ಆಂಟಿಕ್" ಎಂದು ಬರೆದರೆ, ನಿಮ್ಮ ಮೇಲೆ ನೀವೇ ದೂರು ಬರೆದುಕೊಂಡ ಹಾಗೆ. ಸುಳ್ಳಾದರೆ ಗಿರಾಕಿಗೆ ಮೋಸ, ನಿಜವಾದರೆ ಕಾಯ್ದೆಗೆ. ಹಳೆಯ ವಿಗ್ರಹ ಬಂದರೆ ಕೈಮುಗಿದು ವಾಪಸ್ ಕಳಿಸಿ. ತಾಳೆಗರಿ ಕಟ್ಟು ಬಂದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆಗೆ ದಾರಿ ತೋರಿಸಿ. ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ವಿದ್ವಾಂಸ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ, ಯಾರೋ ತಂದುಕೊಟ್ಟಿದ್ದ ಗರಿಗಳಲ್ಲಿ.

ಎರಡನೆಯದು ವನ್ಯಜೀವಿ ಸಂರಕ್ಷಣಾ ಕಾಯ್ದೆ. ಆನೆದಂತದ ಡಬ್ಬಿ, ಜಿಂಕೆ ಕೊಂಬು, ಜಪಕ್ಕೆ ಬಳಸುತ್ತಿದ್ದ ಕೃಷ್ಣಮೃಗದ ಚರ್ಮ, ಹುಲಿ ಉಗುರು ಯಾವುದನ್ನೂ ಅಂಗಡಿಯೊಳಗೆ ಬಿಟ್ಟುಕೊಳ್ಳಬೇಡಿ. "ತಾತನ ಕಾಲದ್ದು" ಎಂಬ ಮಾತು ನಿಮ್ಮನ್ನು ಕಾಪಾಡುವುದಿಲ್ಲ. 2023ರ ಅಕ್ಟೋಬರ್‌ನ ಹುಲಿ ಉಗುರಿನ ಲಾಕೆಟ್ ಗಲಾಟೆ ಟಿವಿಯಲ್ಲಿ ಎಲ್ಲರೂ ನೋಡಿದ್ದೇ. ಕೆಲವೊಮ್ಮೆ ಕೊಂಬು ಪೆಟ್ಟಿಗೆಯ ಹಿಡಿಯಾಗಿ, ದಂತ ಮರದ ಕುಸುರಿಯೊಳಗೆ ಸಣ್ಣ ಚೂರಾಗಿ ಅಡಗಿರುತ್ತದೆ. ಆದ್ದರಿಂದ ಬೀಟೆ ಮರದ ಹಳೆಯ ಕೆತ್ತನೆ ಕೊಳ್ಳುವಾಗ ಬಿಳಿ ಭಾಗ ಯಾವುದರದ್ದೆಂದು ವಿಚಾರಿಸಿ.

ರದ್ದಾದ 500, 1,000ದ ನೋಟುಗಳನ್ನು ಯಾವುದೇ ಮುಖಬೆಲೆಯಲ್ಲಾಗಲಿ ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯಂತೆ ಅಪರಾಧ, ಸಂಗ್ರಹಕಾರರಿಗಾದರೆ 25. "ನಿಮ್ಮ ಹಳೆ ಐದು ರೂಪಾಯಿ ನೋಟಿಗೆ ಲಕ್ಷ ಕೊಡ್ತೀವಿ, ಮೊದಲು ಶುಲ್ಕ ಕಟ್ಟಿ" ಎಂಬ ಫೋನು ವಂಚಕರದ್ದು. ರಿಸರ್ವ್ ಬ್ಯಾಂಕೇ ಇದರ ಬಗ್ಗೆ ಎಚ್ಚರಿಸಿದೆ.

ಹಂತ 5: ಕೊಳ್ಳುವುದನ್ನು ಕಲಿಯಿರಿ

ಲಾಭ ಹುಟ್ಟುವುದು ಕೊಳ್ಳುವಾಗ. ಮಾರುವಾಗ ಅದು ಕೈಗೆ ಬರುತ್ತದೆ, ಅಷ್ಟೇ.

ಮಾಲು ಬರುವ ದಾರಿ ಮೂರು. ಮನೆ ಖಾಲಿ ಮಾಡುವವರು, ಗುಜರಿಯವರು, ನಿಮ್ಮಂಥದ್ದೇ ಸಣ್ಣ ವ್ಯಾಪಾರಿಗಳು. ಮೂರು ನಾಲ್ಕು ಗುಜರಿ ಅಂಗಡಿಗಳಲ್ಲಿ ನಿಮ್ಮ ನಂಬರ್ ಕೊಟ್ಟಿಡಿ. "ಪಾತ್ರೆ ಬಂದರೆ ತಟ್ಟಿ ಚಪ್ಪಟೆ ಮಾಡಬೇಡಿ ಅಣ್ಣಾ, ಒಂದು ಫೋನ್ ಮಾಡಿ, ತೂಕದ ರೇಟಿನ ಮೇಲೆ ಕೊಡ್ತೀನಿ" ಎಂದರೆ ಸಾಕು. ಹೇಳಿದಂತೆ ಹೋಗಿ ಕೊಂಡರೆ ಎರಡನೇ ಸಲ ಅವರೇ ಕರೆಯುತ್ತಾರೆ.

ಮನೆಗೆ ಹೋದಾಗ ಬರುವ ದೊಡ್ಡ ಒತ್ತಡ "ಒಟ್ಟಿಗೇ ಎಲ್ಲಾ ತಗೊಂಡುಬಿಡಿ" ಎಂಬುದು. ಎರಡು ಒಳ್ಳೆಯ ಕೊಳಗಕ್ಕಾಗಿ ಮುರಿದ ಮಂಚ, ತುಕ್ಕು ಹಿಡಿದ ಟ್ರಂಕು, ನಿಂತ ಫ್ರಿಜ್ಜು ಹೊತ್ತು ತರಬೇಡಿ. ಬೇಕಾದದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟು, ಉಳಿದದ್ದಕ್ಕೆ ಪರಿಚಯದ ಗುಜರಿಯವರನ್ನು ಕಳಿಸಿ. ಸಾವಾದ ಮನೆಯಾದರೆ ಅವತ್ತೇ ವ್ಯವಹಾರ ಮುಗಿಸಬೇಡಿ. ಎರಡು ದಿನ ಬಿಟ್ಟು ಬರುತ್ತೇನೆ ಎನ್ನಿ. ಧರ್ಮಕ್ಕೂ ಸರಿ, ವ್ಯಾಪಾರಕ್ಕೂ ಸರಿ. ದುಃಖದಲ್ಲಿ ಕೊಟ್ಟದ್ದನ್ನು ಅಣ್ಣತಮ್ಮಂದಿರು ಮರುವಾರ ವಾಪಸ್ ಕೇಳಿಕೊಂಡು ಬರುತ್ತಾರೆ. ನನ್ನ ಮೊದಲ ವರ್ಷದಲ್ಲಿ ಒಂದು ಬೆಳ್ಳಿ ಪಂಚಪಾತ್ರೆ ಹೀಗೆ ಮೂರು ಜನರ ಜಗಳಕ್ಕೆ ನನ್ನನ್ನು ಸಾಕ್ಷಿ ಮಾಡಿತು.

ಪಾತ್ರೆಯ ಮೇಲೆ ಕೆತ್ತಿರುವ ಹೆಸರನ್ನು ಓದಿ. ನಮ್ಮಲ್ಲಿ ಮದುವೆಗೆ ಕೊಡುವ ಪಾತ್ರೆಗೆ ಹೆಸರು, ತಾರೀಖು ಹೊಡೆಸುವ ರೂಢಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಬೇಡ. ವಯಸ್ಸೂ ತಿಳಿಯುತ್ತದೆ, ಯಾರ ಮನೆಯದೆಂದೂ ತಿಳಿಯುತ್ತದೆ. ಮಾರಲು ಬಂದವರು ಆ ಹೆಸರು ಯಾರದ್ದೆಂದು ಹೇಳಲು ತಡವರಿಸಿದರೆ ಬಿಟ್ಟುಬಿಡಿ. ದೇವಸ್ಥಾನ, ಮಠ, ಭಜನೆ ಮಂಡಳಿಯ ಹೆಸರಿದ್ದರೆ, "ಸೇವಾರ್ಥ" ಎಂದಿದ್ದರೆ, ಆಡಳಿತ ಮಂಡಳಿಯ ಪತ್ರವಿಲ್ಲದೆ ಮುಟ್ಟಬೇಡಿ. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಸಜೆಯಾಗಬಹುದು. ಇದು ಹಿಂದಿನ ಐಪಿಸಿ 411.

ಇದಕ್ಕೆಲ್ಲ ಮದ್ದು ಒಂದು ದಪ್ಪ ರಟ್ಟಿನ ಪುಸ್ತಕ. ತಾರೀಖು, ಕೊಟ್ಟವರ ಹೆಸರು, ವಿಳಾಸ, ಗುರುತಿನ ಚೀಟಿಯ ಬಗೆ, ವಸ್ತುವಿನ ವಿವರ, ತೂಕ, ಕೊಟ್ಟ ಹಣ, ಸಹಿ. ಆಧಾರ್ ಕೊಟ್ಟರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಸಾಕು. ಮಕ್ಕಳು, ಕುಡಿದವರು, "ಬೇಗ ಕೊಡಿ, ಆಟೋ ಕಾಯ್ತಿದೆ" ಎನ್ನುವವರು ತಂದದ್ದನ್ನು ಕೊಳ್ಳಬೇಡಿ. ಪೊಲೀಸರು ಬಂದಾಗಲೂ ತೆರಿಗೆಯವರು ಕೇಳಿದಾಗಲೂ ತೆಗೆದು ತೋರಿಸಲು ಇದೇ ಪುಸ್ತಕ.

ಹಂತ 6: ತೊಳೆಯಿರಿ, ಆದರೆ ಉಜ್ಜಿ ಸಾಯಿಸಬೇಡಿ

ಹಿತ್ತಾಳೆಗೆ ಹುಣಸೆಹಣ್ಣು, ಉಪ್ಪು ಸಾಕು. ಹುಳಿ ಹಚ್ಚಿ ರಾತ್ರಿಯಿಡೀ ಬಿಡಬೇಡಿ, ತೊಳೆದ ತಕ್ಷಣ ಬಟ್ಟೆಯಲ್ಲಿ ಒರೆಸಿ. ಉಜ್ಜಿ ಹೊಳಪು ಕೊಡುವ ಬಫಿಂಗ್ ಯಂತ್ರಕ್ಕೆ ಕೊಟ್ಟರೆ ಕೆತ್ತಿದ ಹೆಸರು, ಸಣ್ಣ ಗೆರೆಗಳು ಸವೆದುಹೋಗಿ ನೂರು ರೂಪಾಯಿ ಕೂಲಿಯಲ್ಲಿ ಸಾವಿರ ರೂಪಾಯಿ ಬೆಲೆ ಕಳೆಯುತ್ತೀರಿ. ಹಳೆಯ ಕಂದುಬಣ್ಣವೇ ಬೇಕೆನ್ನುವ ಗಿರಾಕಿಗಳೂ ಇದ್ದಾರೆ. ನಾನು ತಳದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೆಳಗಿ ತೋರಿಸುತ್ತೇನೆ, ಉಳಿದದ್ದು ಅವರಿಷ್ಟ.

ಅಡುಗೆ ಪಾತ್ರೆಗೆ ಒಂದು ಎಚ್ಚರಿಕೆ ಚೀಟಿ ಕಟ್ಟಲೇಬೇಕು: "ಕಲಾಯಿ ಹಾಕಿಸದೆ ಅಡುಗೆಗೆ ಬಳಸಬೇಡಿ." ಕಲಾಯಿ ಎಂದರೆ ಒಳಮೈಗೆ ಬಳಿಯುವ ತವರ. ಅದಿಲ್ಲದ ಹಿತ್ತಾಳೆಯಲ್ಲಿ ಹುಳಿ, ಸಾರು ಮಾಡಿದರೆ ತಾಮ್ರ ಕಿತ್ತು ಊಟಕ್ಕೆ ಸೇರುತ್ತದೆ. ತವರಕ್ಕೆ ಸೀಸ ಬೆರೆಸುವವರಿದ್ದಾರೆ, ಸೀಸ ವಿಷ. ಗೊತ್ತಿರುವ ಕಲಾಯಿಯವರ ಹತ್ತಿರವೇ ಹಾಕಿಸಿ.

ಮರದ ಸಾಮಾನಿನ ಕೆಳಗೆ ಒಂದು ಬಿಳಿ ಕಾಗದ ಹಾಸಿ ಮೂರು ವಾರ ಬೇರೆಯೇ ಇಡಿ. ಕಾಗದದ ಮೇಲೆ ಸಣ್ಣ ಪುಡಿ ಉದುರಿದ್ದರೆ ಒಳಗೆ ಹುಳ ಬದುಕಿದೆ. ಅದನ್ನು ಹಾಗೇ ಒಳಗೆ ತಂದರೆ ಪಕ್ಕದ ಚನ್ನೆಮಣೆಗೂ ಹತ್ತುತ್ತದೆ. ಸೀರೆಯನ್ನು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಮಡಿಕೆ ಹಾಕಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗಬಾರದು. ಹಳೆಯ ವಾಲ್ವ್ ರೇಡಿಯೊ ಬಂದರೆ ಪರೀಕ್ಷಿಸಲೆಂದು ಪ್ಲಗ್ ಚುಚ್ಚಬೇಡಿ. ಬಲ್ಲವರು ನೋಡುವವರೆಗೆ "ಪ್ರದರ್ಶನಕ್ಕೆ ಮಾತ್ರ" ಎಂದು ಬರೆದಿಡಿ.

ಹಂತ 7: ಬೆಲೆ ಬರೆದಿಡಿ

ಲೋಹಕ್ಕೆ ಅಂದಿನ ತೂಕದ ಬೆಲೆ ತಳ. ಅದರ ಮೇಲೆ ನಿಮ್ಮ ಗಂಟೆ, ರಿಪೇರಿ, ಅಪರೂಪ. ಬೆಲೆಯನ್ನು ಚೀಟಿಯಲ್ಲಿ ಬರೆಯಿರಿ, ಮುಖ ನೋಡಿ ಹೇಳಬೇಡಿ. ಚೌಕಾಸಿಗೆ ಶೇ 10 ಬಿಟ್ಟಿರಿ, ಬೋಣಿ ಹೊತ್ತಿನಲ್ಲಿ ಇನ್ನೂ ಸ್ವಲ್ಪ. ಚೀಟಿಯ ಮೂಲೆಯಲ್ಲಿ ಸಾಮಾನು ಬಂದ ತಿಂಗಳನ್ನೂ ಗುರುತು ಹಾಕಿ, ಕೊನೆಯ ಹಂತಕ್ಕೆ ಬೇಕಾಗುತ್ತದೆ.

ಹಂತ 8: ಮಾರುವುದು

ಫೋಟೊ ಕಿಟಕಿ ಪಕ್ಕದ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಸೀಳು, ಬೆಸುಗೆ, ಕಲೆ ಇದ್ದರೆ ಅದಕ್ಕೇ ಒಂದು ಫೋಟೊ. ವಾಟ್ಸಾಪ್ ಸ್ಟೇಟಸ್‌ಗೆ ದಿನಕ್ಕೆ ಮೂರು ವಸ್ತು ಸಾಕು. ಮೊದಲು ಹಣ ಬಂದವರಿಗೆ ಎಂಬ ನಿಯಮ ಮಾಡಿ, ಅಣ್ಣನ ಮಗ ಕೇಳಿದರೂ ಬದಲಿಸಬೇಡಿ.

ಆನ್‌ಲೈನಿನಲ್ಲಿ ಬೆಲೆ ಕೇಳದೆ ಒಪ್ಪಿ, "ನಾನು ಸೈನ್ಯದಲ್ಲಿದ್ದೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ತಗೊಳ್ಳಿ" ಎನ್ನುವವರು ಬರುತ್ತಾರೆ. ಹಣ ಪಡೆಯಲು ಪಿನ್ ಹಾಕುವ ಅಗತ್ಯ ಎಂದೂ ಇಲ್ಲ. ಅಂಗಡಿಯಲ್ಲೂ ಗಿರಾಕಿಯ ಮೊಬೈಲ್ ಪರದೆ ನೋಡಿ ಸಾಮಾನು ಕೊಡಬೇಡಿ, ನಿಮ್ಮ ಸೌಂಡ್‌ಬಾಕ್ಸ್ ಕೂಗಲಿ.

ಆಷಾಢದಲ್ಲಿ ವ್ಯಾಪಾರ ಮಲಗುತ್ತದೆ, ಕೊಳ್ಳಲು ಅದೇ ಹೊತ್ತು. ಗೌರಿಹಬ್ಬಕ್ಕೆ ತಟ್ಟೆ, ದೀಪ ಎದ್ದೇಳುತ್ತವೆ. ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೇಳಿಕೊಂಡು ಭಾದ್ರಪದದಿಂದಲೇ ಬರುತ್ತಾರೆ. ಪಟ್ಟದ ಗೊಂಬೆಯ ಜೋಡಿಯನ್ನು ಮುರಿದು ಒಂದೊಂದಾಗಿ ಮಾರಬೇಡಿ, ಉಳಿದ ಒಂದನ್ನು ಯಾರೂ ಕೊಳ್ಳುವುದಿಲ್ಲ. "ಇದು ಯಾರ ಮನೇದಮ್ಮ?" ಎಂದು ಹೆಂಗಸರು ದೀಪ ಹಿಡಿದು ಕೇಳುತ್ತಾರೆ. ಊರು, ಬೀದಿ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಕಥೆ ಕಟ್ಟಬೇಡಿ.

ವಾರಕ್ಕೆ ಒಂದೂವರೆ ದಿನ ಅಂಗಡಿ ಮುಚ್ಚಿ. ಕೊಳ್ಳಲು ಹೋಗುವುದು, ಪಾರ್ಸೆಲ್ ಕಟ್ಟುವುದು ಆ ಹೊತ್ತಿನಲ್ಲೇ. ಬಾಗಿಲ ಮೇಲೆ ವೇಳೆ ಬರೆದು ಹಾಕಿದರೆ ಗಿರಾಕಿ ಬೈಯುವುದಿಲ್ಲ.

ಹಂತ 9: ಕೂತ ಮಾಲನ್ನು ಎಬ್ಬಿಸಿ

ಚೀಟಿಯ ತಿಂಗಳು ನೋಡಿ. ಆರು ತಿಂಗಳಾದರೂ ಹೋಗದಿದ್ದರೆ ಬೆಲೆ ಇಳಿಸಿ, ಜಾಗ ಬದಲಿಸಿ. ಒಂಬತ್ತಾದರೆ ಕೊಂಡ ಬೆಲೆಗೇ ಬೇರೆ ವ್ಯಾಪಾರಿಗೆ ಕೊಡಿ. ವರ್ಷ ತುಂಬಿದರೆ ತೂಕಕ್ಕೆ ಹಾಕಿ, ನಷ್ಟವನ್ನು ಪುಸ್ತಕದಲ್ಲಿ ಬರೆಯಿರಿ. ನಿಮಗೆ ಇಷ್ಟವಾದದ್ದೇ ಹೆಚ್ಚಾಗಿ ಹೀಗೆ ಕೂರುತ್ತದೆ. ಅದನ್ನು ಮನೆಗೆ ಒಯ್ಯುವ ಆಸೆಯಾಗುತ್ತದೆ, ವರ್ಷಕ್ಕೆ ಒಂದಕ್ಕೆ ಮಾತ್ರ ಅವಕಾಶ ಕೊಟ್ಟುಕೊಳ್ಳಿ. ಉಳಿದದ್ದನ್ನು ಚೀಲಕ್ಕೆ ತುಂಬಿ ಗುಜರಿಗೆ ಒಯ್ಯಿರಿ. ಅಲ್ಲಿಂದ ಬರುವಾಗ ಚೀಲ ಖಾಲಿಯಾಗಿಯೇ ಬರಲಿ.